ನೂರ ಎಪ್ಪತ್ತೆರಡನ್ನು ಇನ್ನೂರ ಮೂವತ್ತು ಮಾಡಿದ ಸಾಹೇಬರಿಗೆ

ಮಾನ್ಯ ವಿದ್ಯುತ್ ಕಚೇರಿಯ ಹಿರಿಯ ಎಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ, ತಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವಳ ಸಾಷ್ಟಾಂಗ ನಮಸ್ಕಾರಗಳು.

ತಾವು ಕೊಡುತ್ತೇವೆಂದದ್ದು: ಹಗಲೂ ಸಂಜೆಯೂ ಇನ್ನೂರ ಮೂವತ್ತು ವೋಲ್ಟ್, ಬೀದಿಗೊಂದು ಹೊಸ ಟ್ರಾನ್ಸ್‌ಫಾರ್ಮರ್, ದೂರಿಗೆ ಉತ್ತರ. ಕೊಡದೆ ಉಳಿಸಿಕೊಂಡದ್ದು: ಮೊದಲಿನ ಎರಡು. ಸಂಜೆ ವೋಲ್ಟೇಜ್ ಕುಸಿಯುತ್ತದೆಂದು ನಾನು ಮೀಟರಿನಲ್ಲಿ ಅಳೆದು ಕೊಟ್ಟ ದೂರಿಗೆ ಉತ್ತರ ಮಾತ್ರ ಬಂತು. ‘ಮನೆಮೂಲೆಯ ಮೀಟರು ಹೇಳಿದ್ದನ್ನು ಕಚೇರಿ ನಂಬಲಾಗದು’ ಎಂದು ಅದರಲ್ಲಿತ್ತು.

ನ್ಯಾಯವಾದ ಮಾತೇ. ಸಂಜೆ ವೋಲ್ಟೇಜ್ ಕುಸಿದಾಗ ನಮ್ಮ ಅತ್ತೆಯ ಆಕ್ಸಿಜನ್ ಯಂತ್ರ ಕೀಂ ಎಂದು ಕೂಗಿ ನಿಲ್ಲುತ್ತದೆ, ಸಿಲಿಂಡರ್ ಜೋಡಿಸುವ ತನಕ ಅವರು ಉಸಿರನ್ನು ಕಿತ್ತು ಕಿತ್ತು ಎಳೆಯುತ್ತಾರೆ ಎಂಬ ಕ್ಷುಲ್ಲಕ ಕಾರಣಕ್ಕೆ ಕಚೇರಿಯ ನಂಬಿಕೆ ಕೆಡಬಾರದಲ್ಲ! ಆದ್ದರಿಂದ ತಾಂತ್ರಿಕ ಶಾಲೆಯ ಮೇಷ್ಟ್ರಿಂದ, ಹೇಳಿದಷ್ಟೇ ವೋಲ್ಟನ್ನು ಅಲುಗಾಡದೆ ಕೊಡುವ ಪ್ರಮಾಣಿತ ಪೆಟ್ಟಿಗೆಯನ್ನು ಎರವಲು ತಂದು, ನನ್ನ ಮೂರೂ ಮಲ್ಟಿಮೀಟರುಗಳ ಬೆನ್ನು ಬಿಚ್ಚಿ, ಒಳಗಿನ ಸಾಸಿವೆ ಗಾತ್ರದ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ಪೆಟ್ಟಿಗೆ ಇನ್ನೂರು ಕೊಟ್ಟಾಗ ಮೀಟರೂ ಇನ್ನೂರೇ ಎನ್ನುವಂತೆ ವೋಲ್ಟ್ ಅಳತೆಗಳನ್ನೆಲ್ಲ ಸರಿಹೊಂದಿಸಿ, ತಮ್ಮನ್ನು ಕರೆದೆ.

ತಾವು ಸಂಜೆ ಖುದ್ದಾಗಿ ಬಂದಿರಿ. ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ನನ್ನ ಮೂರೂ ಮೀಟರುಗಳು ನೂರ ಎಪ್ಪತ್ತೆರಡು ಎಂದವು. ತಮ್ಮ ಜೇಬಿನ ಮೀಟರೂ, ಪಾಪ, ನೌಕರಿಯ ಪರಿವೆಯಿಲ್ಲದೆ ನೂರ ಎಪ್ಪತ್ತೆರಡೇ ಎಂದಿತು. ಆಗ ತಾವು ನನ್ನದೇ ಸ್ಕ್ರೂಡ್ರೈವರ್ ಇಸಿದುಕೊಂಡು ತಮ್ಮ ಮೀಟರಿನ ಬೆನ್ನು ಬಿಚ್ಚಿ, ಇನ್ನೂರ ಮೂವತ್ತು ಬರುವ ತನಕ ಕಿವಿ ಹಿಂಡಿದಂತೆ ತಿರುವಿ, “ನೋಡಿ ಅಕ್ಕಾ, ಸರಿಹೋಯ್ತು” ಎಂದಿರಿ. “ಅಲ್ಲಪ್ಪಾ, ಟೇಪು ತಿದ್ದಿದ್ರೆ ಕುಳ್ಳ ಉದ್ದ ಆಗ್ತಾನಾ?” ಎಂದು ಅತ್ತೆ ಮಂಚದಿಂದಲೇ ಕೇಳಿದ್ದು ತಮಗೆ ಕೇಳಿಸಲಿಲ್ಲ.

ಇಂಥ ಆಡಳಿತ ಯಾರಿಗುಂಟು ಯಾರಿಗಿಲ್ಲ! ಥರ್ಮಾಮೀಟರ್ ತಿರುವಿ ಜ್ವರ ಇಳಿಸಿ, ತಕ್ಕಡಿ ತಿರುವಿ ಹಸಿವು ನೀಗಿಸಿ. ಬಿಡುವಾದಾಗ ಅತ್ತೆಯ ಶ್ವಾಸಕೋಶಕ್ಕೂ ಒಂದು ಸುತ್ತು ಕೊಟ್ಟು, ಅದು ಕಡಿಮೆ ಗಾಳಿಯನ್ನೇ ಹೆಚ್ಚೆಂದು ಒಪ್ಪಿಕೊಳ್ಳುವಂತೆ ಮಾಡಿ.

ಮರುದಿನ ಬೆಳಿಗ್ಗೆ ನಡೆದದ್ದಕ್ಕಂತೂ ಸನ್ಮಾನವೇ ಆಗಬೇಕು. ಜನ ಕೆಲಸಕ್ಕೆ ಹೋಗಿ ಬಳಕೆ ತಗ್ಗಿದಾಗ, ಬೀದಿಗೆ ನಿಜವಾದ ಇನ್ನೂರ ಮೂವತ್ತು ಬಂತು. ತಾವು ಮತ್ತೆ ಬಂದು ಚುಚ್ಚಿದಾಗ, ತಮ್ಮ ತಿರುಚಿದ ಮೀಟರು ಅದನ್ನು ಮುನ್ನೂರ ಏಳು ಎಂದು ಓದಿತು. ‘ಅಪಾಯಕರ ಅಧಿಕ ವೋಲ್ಟೇಜ್’ ಎಂದು ಸಾರಿ, ತಾವು ಇಡೀ ಬೀದಿಯ ಫ್ಯೂಸನ್ನೇ ಕಿತ್ತುಕೊಂಡು ಹೋದಿರಿ. ಸುಳ್ಳು ಹೇಳುವ ಅಧಿಕಾರಿಗಳನ್ನು ಬೇಕಾದಷ್ಟು ಕಂಡಿದ್ದೇವೆ. ತಮ್ಮ ಸುಳ್ಳಿಗೆ ತಾವೇ ಹೆದರಿ ಓಡಿದವರನ್ನು ಕಂಡದ್ದು ಇದೇ ಮೊದಲು.

ಸಾಕು, ಸಾಹೇಬರೇ. ಅಂದಿನಿಂದ ಬೀದಿಯಲ್ಲಿ ಕರೆಂಟಿಲ್ಲ. ನಾವು ಭಿಕ್ಷೆ ಬೇಡುತ್ತಿಲ್ಲ, ಉಸಿರು ಕೇಳುತ್ತಿದ್ದೇವೆ. ಕಿತ್ತ ಫ್ಯೂಸ್ ಹಾಕಿ. ಟ್ರಾನ್ಸ್‌ಫಾರ್ಮರ್ ತನ್ನಿ.

ತಮ್ಮ ಮೇಲೆ ಇನ್ನೂ ನೂರ ಎಪ್ಪತ್ತೆರಡು ವೋಲ್ಟಿನಷ್ಟು ವಿಶ್ವಾಸವಿಟ್ಟಿರುವ,
ರಿಪೇರಿಯವಳು

ವಿ.ಸೂ.: ಅತ್ತೆಯ ಕೊನೆಯ ಸಿಲಿಂಡರ್ ಇನ್ನು ಹೆಚ್ಚು ದಿನ ಬಾರದು. ಆದ್ದರಿಂದ ಬೀದಿಯವರ ಮುಂದಿನ ಸಭೆಯನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡಿದ್ದೇವೆ. ಅತ್ತೆ ಮಂಚ, ಯಂತ್ರ ಸಮೇತ ಬರುತ್ತಾರೆ. ತಮ್ಮ ಏರ್ ಕಂಡಿಷನರ್ ಕಿತ್ತು ಪ್ಲಗ್ ಖಾಲಿ ಮಾಡಿಡಿ. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.