ಚಕ್ರಕ್ಕೆ ಹಂದಿಕೊಬ್ಬು

"ಲೋ ಇಜಿದೋರ್! ಆ ಚಕ್ರಕ್ಕೊಂದು ಗತಿ ಕಾಣಿಸ್ತೀಯೋ, ಇಲ್ಲಾ ತೂಬು ಮುಚ್ಚಲೋ?"

ಬೆಳಗಾಗುತ್ತಲೇ ಮೇಲಿನ ಮನೆಯ ಕಿಟಕಿಯಿಂದ ರೆಜ್ಕಾ ದೊಡ್ಡಮ್ಮನ ಕೂಗು. ತೊರೆಯ ನೀರು ಅವಳ ಹೊಲ ದಾಟಿಯೇ ಇಜಿದೋರನ ಗರಗಸದ ಗಿರಣಿಗೆ ಬರಬೇಕು. ತೂಬಿಗೆ ಬೀಗ, ಬೀಗದ ಕೈ ಅವಳ ಕೊರಳಲ್ಲಿ. ಗಿರಣಿ ನಡೆಸುವ ಅಜ್ಜನ ಕಾಲದ ನೀರಿನ ಚಕ್ರವೋ, ಕಾಲು ಕಟ್ಟಿದ ಹಂದಿಯ ಹಾಗೆ ಇಡೀ ದಿನ ಕಿರುಚುತ್ತಿತ್ತು.

ಅವತ್ತು ಜಗಳಕ್ಕೆ ಪುರುಸೊತ್ತಿರಲಿಲ್ಲ. ಭಾನುವಾರದ ಕುಣಿತದ ಅಟ್ಟಣೆಗೆಂದು ಬೆಂಕಿ ಆರಿಸುವ ದಳದ ಸಿರಿಲ್ ದಿಮ್ಮಿ ತರುವವನಿದ್ದ. ಸಂಜೆಯೊಳಗೆ ಹಲಗೆ ಸಿಗದಿದ್ದರೆ ಇನ್ನು ಮುಂದೆ ಪಕ್ಕದೂರಿನ ಕರೆಂಟಿನ ಗಿರಣಿಯೇ ಗತಿ ಎಂದಿದ್ದ. ಗಿರಣಿಗೆ ಉಳಿದಿದ್ದ ಗಿರಾಕಿ ಅವನೊಬ್ಬನೇ.

ಹೆಂಡತಿ ಫನಿಕಾ ಹುಲ್ಲು ಕೊಯ್ಯುವವರ ಊಟಕ್ಕೆಂದು ಎತ್ತಿಟ್ಟಿದ್ದ ಹಂದಿಕೊಬ್ಬಿನ ಮಡಕೆಯನ್ನು ಇಜಿದೋರ ಕದ್ದು ತಂದು ಅಚ್ಚಿಗೆ ಬಳಿದ. ಚಕ್ರ ಹಾಲು ಕುಡಿದ ಬೆಕ್ಕಿನಂತೆ ಸುಮ್ಮನಾಯಿತು.

ತಿರುವಿನಲ್ಲಿ ಸಿರಿಲ್‌ನ ಗಾಡಿ ಕಾಣಿಸಿತು, ಹಾಗೇ ಬಂದ ದಾರಿಗೇ ತಿರುಗಿಯೂಬಿಟ್ಟಿತು. ಇಜಿದೋರ ಏದುಸಿರು ಬಿಡುತ್ತ ಓಡಿ ಕುದುರೆಯ ಲಗಾಮು ಹಿಡಿದ.

"ಸದ್ದೇ ಇಲ್ಲ, ಗಿರಣಿ ಮುಚ್ಚಿದೆ ಅಂದ್ಕೊಂಡೆ ಮಾರಾಯ!" ಎಂದ ಸಿರಿಲ್.

ದಿಮ್ಮಿ ಇಳಿಸುವಷ್ಟರಲ್ಲಿ ಮಧ್ಯಾಹ್ನ. ರೆಜ್ಕಾ ದಿನವೂ ಆ ಹೊತ್ತಿಗೆ ತೂಬು ಮುಚ್ಚಿ ಕೋಸಿನ ಪಾತಿಗೆ ನೀರು ತಿರುಗಿಸಿ, ಒಂದು ಕೋಳಿನಿದ್ದೆ ಮಾಡಿ, ಎದ್ದು ತೂಬು ತೆಗೆಯುತ್ತಿದ್ದಳು. ಅಲ್ಲಿಯವರೆಗೆ ಗಿರಣಿಗೆ ಅದರ ಹಿಂದಿನ ಕಟ್ಟೆಯಲ್ಲಿ ನಿಂತ ನೀರು ಸಾಲುತ್ತಿತ್ತು. ಇವತ್ತು ಮಾತ್ರ ತೂಬು ಮುಚ್ಚಿ ಮಲಗಿದವಳು ತಲೆಗೂದಲು ಕೆದರಿಕೊಂಡು ಇಳಿದು ಬಂದಳು.

"ಏನು ಮಾಡಿದ್ಯೋ ಪಾಪಿ? ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ. ನೊಣ ಕಾಲು ಉಜ್ಜೋದೂ ಕೇಳ್ತಿದೆ!"

"ನೀವೇ ಹೇಳಿದ್ರಲ್ಲಾ ದೊಡ್ಡಮ್ಮ..."

"ಬೆಳಿಗ್ಗೆ ಹೇಳಿದ್ದು ಬೆಳಿಗ್ಗೆಗೆ! ಮದುವೆಯಾಗಿ ಬಂದಾಗಿಂದ ಈ ಕಿರುಚಾಟ ಕೇಳ್ತಾನೇ ಮಲಗಿದೋಳು ನಾನು. ಅದು ಕೂಗದಿದ್ರೆ ತೂಬು ತೆಗೆಯೋಳಲ್ಲ!"

ಇಜಿದೋರ ಕೊಬ್ಬು ಒರೆಸಿ, ಬೂದಿ ಹಾಕಿ ತಿಕ್ಕಿದ. ಚಕ್ರ ಮೊದಲಿಗಿಂತ ಜೋರಾಗಿ ಕಿರುಚಿತು. ರೆಜ್ಕಾ ಅಲ್ಲೇ ಆಕಳಿಸಿ, ತೂಗಾಡುತ್ತ ಮನೆ ಸೇರಿದಳು. ಗರಗಸ ದಿಮ್ಮಿಯ ನಡುವಿಗೆ ಬಂತು. ಅವಳ ನಿದ್ದೆ ತಡವಾಗಿದ್ದರಿಂದ, ಅವಳು ಏಳುವ ಮೊದಲೇ ಕಟ್ಟೆ ಬರಿದಾಗಿ ಚಕ್ರ ನಿಂತಿತು.

ಸದ್ದು ನಿಂತದ್ದಕ್ಕೆ ರೆಜ್ಕಾಗೆ ಎಚ್ಚರವಾಗಿ, ಕಿಟಕಿಯಿಂದ ತಲೆ ಹೊರಹಾಕಿದಳು. "ಮತ್ತೆ ಬಳಿದ್ಯಾ?"

"ನೀರಿಲ್ಲ ದೊಡ್ಡಮ್ಮ! ತೂಬು!"

"ಮೊದಲು ಕೂಗಲಿ, ಆಮೇಲೆ ನೀರು!"

ಅರ್ಧ ಸೀಳಿದ ದಿಮ್ಮಿಯನ್ನೇ ನೋಡುತ್ತ ಸಿರಿಲ್ ಮೀಸೆ ಕಚ್ಚಿಕೊಂಡ. ಖಾಲಿ ಮಡಕೆ ಹಿಡಿದು ಬಂದ ಫನಿಕಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಚಕ್ರದ ಬದಲು ನೀವೇ ಕೂಗಿ. ತೊಟ್ಟಿಲಿಂದ ಕೇಳ್ತಾ ಬಂದಿದ್ದೀರಲ್ಲ."

ಬೇರೆ ದಾರಿಯಿರಲಿಲ್ಲ. ಇಜಿದೋರ ಕಿಟಕಿಯ ಕೆಳಗೆ ನಿಂತು, ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕಿರುಚಿದ: "ಕ್ರೀಂ... ಯ್ಯೋಂ! ಕ್ರೀಂ... ಯ್ಯೋಂ!" ಎಷ್ಟು ಸೊಗಸಾಗಿತ್ತೆಂದರೆ, ಚಕ್ರ ತಿರುಗಿತೇನೋ ಎಂದು ಸಿರಿಲ್ ಹಿಂತಿರುಗಿ ನೋಡಿದ.

ರೆಜ್ಕಾಳ ಮುಖ ಅರಳಿತು. ಕೈ ಕೊರಳಿನ ಬೀಗದ ಕೈಗೆ ಹೋಯಿತು. "ಹಾಂ, ಈಗ ಸರಿ. ಬಂದೆ ಇರು..." ಎನ್ನುತ್ತ ಒಳಗೆ ಸರಿದಳು.

ಮೂವರೂ ಉಸಿರು ಬಿಗಿಹಿಡಿದು ಬಾಗಿಲನ್ನೇ ನೋಡುತ್ತ ನಿಂತರು. ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಗೊರಕೆ ಕೇಳಿಬಂತು.