ಎತ್ತಿದ ಕೈ

ಲಿಫ್ಟ್‌ಮ್ಯಾನಿಗೆ ಜೋಂಪು ಹತ್ತಿದ್ದೇ ಎಲ್ಲ ಅನಾಹುತಕ್ಕೂ ಮೂಲ. ನಗರ ಸಾರಿಗೆ ಕಚೇರಿಯ ಆ ಹಳೇ ಲಿಫ್ಟು ತೊಟ್ಟಿಲಿನಂತೆ ತೂಗುತ್ತ, ಅಜ್ಜಿಯಂತೆ ಗುನುಗುತ್ತ ಏರಿಳಿಯುವಾಗ, ಸ್ಟೂಲಿನ ಮೇಲೆ ಕೂತವನು ಮೋಡದೊಳಗೆ ತೇಲಿಹೋಗುತ್ತಿದ್ದ. ಮೋಡದಲ್ಲಿ ಬೆಲೆಯೇರಿಕೆ ಇರಲಿಲ್ಲ.

ಇವತ್ತು ಮಾತ್ರ ತೇಲುವ ದಿನವಲ್ಲ. ಕಚೇರಿಯನ್ನು ಖಾಸಗಿಯವರಿಗೆ ಒಪ್ಪಿಸಬಹುದೇ ಎಂದು ಮೇಲಿನ ಸಭಾಂಗಣದಲ್ಲಿ ನೌಕರರ ಸಂಘ ಕೈ ಎತ್ತಿಸಿ ಮತ ಎಣಿಸುತ್ತಿತ್ತು. ಒಪ್ಪಿಸಿದರೆ ಸ್ಟೂಲೂ ಹೋಯಿತು, ಅವನ ಅನ್ನವೂ ಹೋಯಿತು.

"ಏಳಪ್ಪಾ ಸ್ವಪ್ನಲೋಕದ ದೊರೆ! ಎಲ್ಲರೂ ಮೇಲೆ ಸೇರಿಯಾಯ್ತು. ನಿನ್ನ ಒಂದು ಕೈ ಕಮ್ಮಿಯಾದ್ರೆ ನಾವೆಲ್ಲ ಬೀದಿಪಾಲು," ಟೈಪಿಸ್ಟ್ ಅಕ್ಕ ತಿವಿದಳು.

ಅವಳ ಜೊತೆಗೆ ಟೈ ಕಟ್ಟಿದ ಸರ್ಕಾರಿ ಸಲಹೆಗಾರನೂ ಲಿಫ್ಟು ಹತ್ತಿದ. ವರ್ಷಗಟ್ಟಲೆ ಖಾಸಗೀಕರಣದ ಅದೇ ಮಾತು ಹೊತ್ತು ತಿರುಗಿದರೂ ನಾಯಿಯೂ ಮೂಸಿರಲಿಲ್ಲ ಅವನನ್ನು. ಕಚ್ಚಾ ಎಣ್ಣೆಯ ದರ ಮುಗಿಲಿಗೇರಿ, ಬೆಲೆಯೂ ನಿರುದ್ಯೋಗವೂ ಜೋಡಿಯಾಗಿ ಬೆಳೆದು, ಹಳೇ ಪಂಡಿತರು ತಲೆ ಕೆರೆದುಕೊಂಡಾಗ ಮಂತ್ರಿಗಳಿಗೆ ಇವನೇ ಬೇಕಾದ.

"ತಪ್ಪೆಲ್ಲ ಸರ್ಕಾರದ್ದು, ಸಂಘದ್ದು. ಎಲ್ಲ ಮಾರುಕಟ್ಟೆಗೆ ಬಿಟ್ಟುಬಿಡಿ," ಎಂದ.

"ಎಣ್ಣೆ ದರ ಏರಿಸಿದ್ದು ನಮ್ಮ ಸಂಘವಾ?" ಅಕ್ಕ ಹಾರಿಬಿದ್ದಳು. "ಲಾಭ ಇಳಿದ್ರೆ ಧಣಿಗಳ ಕಣ್ಣಿಗೆ ನಮ್ಮ ಸಂಬಳವೇ ಬೀಳೋದು! ನಿಮ್ಮ ಭಾಷಣಕ್ಕೆ ಕಾಸು ಸುರಿದವರೂ ಅವರೇ. ಡ್ರೈವರುಗಳ ಕಿವಿಗೆ ಗುಮಾಸ್ತರ ಚಾಡಿ ಹೇಳಿ ಸಂಘವನ್ನು ಎರಡು ಹೋಳು ಮಾಡಿದ್ದೂ ನೀವೇ!"

ಅಷ್ಟರಲ್ಲಿ ಕರೆಂಟು ಕೈಕೊಟ್ಟಿತು. ಲಿಫ್ಟು ಸಭಾಂಗಣ ಮುಟ್ಟದೆ ನೇತಾಡಿತು. ಜಾಲರಿ ಬಾಗಿಲ ಮೇಲ್ತುದಿಯ ಸಂದಿಯಲ್ಲಿ ಸಭಾಂಗಣದ ನೆಲ, ಅದರ ಮೇಲೆ ಸಾಲು ಚಪ್ಪಲಿ. ಮಬ್ಬುಗತ್ತಲಲ್ಲಿ ಲಿಫ್ಟ್‌ಮ್ಯಾನಿಗೆ ಅವು ದಡದಲ್ಲಿ ಕಟ್ಟಿದ ದೋಣಿಗಳಂತೆ ಕಂಡವು.

"ಯಾರಾದ್ರೂ ಬನ್ರೋ!" ಅಕ್ಕನ ಕೂಗು ಮೇಲಿನ ಗದ್ದಲದಲ್ಲಿ ಕರಗಿತು.

"ನೀನೇ ಉದ್ದ ಇದ್ದೀಯ. ಸಂದಿಯಲ್ಲಿ ಕೈ ಎತ್ತಿ ಆಡಿಸಪ್ಪ," ಎಂದ ಸಲಹೆಗಾರ.

ಲಿಫ್ಟ್‌ಮ್ಯಾನ್ ಸ್ಟೂಲು ಹತ್ತಿ ತೋಳು ತೂರಿಸಿ ಬೀಸಿದ. ಮೇಲೆ ಗದ್ದಲ ನಿಂತಿತು. ಮರುಕ್ಷಣ ಚಪ್ಪಾಳೆ! ಇಡೀ ಮೋಡವೇ ತನ್ನನ್ನು ಎತ್ತಿಕೊಳ್ಳುತ್ತಿದೆ ಅನ್ನಿಸಿತು ಅವನಿಗೆ.

ಜಾಲರಿ ಸರಿಸಿ ಮೂವರನ್ನೂ ಎಳೆದು ಹೊರತೆಗೆದ ಸಂಘದ ಅಧ್ಯಕ್ಷರ ಮುಖ ಇಂಗು ತಿಂದಂತಿತ್ತು. "ಎರಡೂ ಕಡೆ ಸಮಸಮ ಆಗಿತ್ತಲ್ಲೋ. ಖಾಸಗಿ ಪರ ಇನ್ಯಾರಾದ್ರೂ ಇದ್ದೀರಾ ಅಂತ ಕೇಳ್ದೆ. ನೆಲದಿಂದ ನಿನ್ನ ಕೈ ಬಂತು!"

"ಅಯ್ಯೋ, ನಾನು ಸಹಾಯ ಕೇಳಿದ್ದು ಸಾರ್!"

"ಫಲಿತಾಂಶ ಘೋಷಿಸಿಯಾಯ್ತು."

ಸಲಹೆಗಾರ ಅದೇ ಕೈಯನ್ನು ಹಿಡಿದು ಕುಲುಕಿದ. "ಶಹಭಾಷ್! ಇನ್ನು ನೀನು ಮುಕ್ತ."

"ಲಿಫ್ಟಿನಿಂದ ತಾನೇ ಸಾರ್?"

"ಸಂಬಳದಿಂದ," ಎಂದಳು ಟೈಪಿಸ್ಟ್ ಅಕ್ಕ.