ಆರ್ಕಿಡ್ ಕುಂಡದಲ್ಲಿ ಬಿಡಾರ ಹೂಡಿರುವ ಪಾಚಿಯವರ ಸನ್ನಿಧಿಗೆ

ಮಾನ್ಯ ಪಾಚಿಯವರೇ,

ನಮ್ಮ ಮನೆಯ ಪೂರ್ವದ ಕಿಟಕಿಯ ಮೇಲೆ, ಅಕ್ಕನ ಆರ್ಕಿಡ್ ಕುಂಡದಲ್ಲಿ ಸಪರಿವಾರ ನೆಲೆಸಿರುವ ತಮಗೆ, ಅದೇ ಕಿಟಕಿಯ ಪಕ್ಕ ಕೂತು ಕೆಲಸ ಹುಡುಕುತ್ತಿರುವ ಸಾಹಿತ್ಯ ಪದವೀಧರೆಯ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಮೈಬಣ್ಣ ಈಚೆಗೆ ಹಳದಿಗೆ ತಿರುಗಿರುವುದನ್ನು ಬಲ್ಲೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇದನ್ನೆಲ್ಲ ಎದುರಿಗೇ ಹೇಳಬಹುದಿತ್ತು, ಕೈಯಳತೆಯ ದೂರದಲ್ಲಿದ್ದೀರಿ. ಆದರೆ ಎದುರಿಗೆ ನಿಂತು ಮಾತಾಡುವುದು ನಮ್ಮ ವಂಶದಲ್ಲೇ ಇಲ್ಲ.

ತಮ್ಮನ್ನು ಈ ಮನೆಗೆ ತಂದ ಪಾಪ ನನ್ನದೇ. ಅಕ್ಕ ತಾನು ಮೆಚ್ಚಿದವನನ್ನು ಮದುವೆಯಾಗಿ ಹೊರಟುಹೋದಾಗ ಬಟ್ಟೆ, ಪುಸ್ತಕ, ಸಿಟ್ಟು ಎಲ್ಲವನ್ನೂ ಕೊಂಡೊಯ್ದು ಅಂಗೈಯಗಲದ ಒಂದು ಆರ್ಕಿಡ್ ಗಿಡವನ್ನು ಮಾತ್ರ ನನಗೆ ಬಿಟ್ಟುಹೋದಳು. ಅಂದಿನಿಂದ ಅಪ್ಪ ಅವಳ ಹೆಸರೆತ್ತಿಲ್ಲ. ಬದಲಿಗೆ ಗಡಿಯಾರ ರಿಪೇರಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಲೇ, ಯಾರಿಗೂ ಅಲ್ಲವೆಂಬಂತೆ, "ಗಿಡ ಹೇಗಿದೆ?" ಎಂದು ಕೇಳುತ್ತಾರೆ. ಅಕ್ಕ ಮನೆ ಬದಲಾಯಿಸಿದಾಗ ನಾನು "ಹೊಸ ಬೇರು ಬಿಟ್ಟಿದೆ" ಎಂದೆ. ಅವಳಿಗೆ ಜ್ವರ ಬಂದಾಗ "ಎಲೆ ಸ್ವಲ್ಪ ಬಾಡಿದೆ" ಎಂದೆ. ಆ ರಾತ್ರಿ ಅಪ್ಪ ಊಟ ಬಿಟ್ಟೆದ್ದರು. ಮನೆಯೊಳಗೆ ಮಗಳ ಸುದ್ದಿ ಬರುವ ಬಾಗಿಲು ಆ ಗಿಡವೊಂದೇ. ಅದು ಸತ್ತರೆ ಅಪ್ಪ ಏನನ್ನು ಕೇಳಬೇಕು, ನಾನು ಏನನ್ನು ಹೇಳಬೇಕು?

ಈ ಹೆದರಿಕೆಯಿಂದಲೇ ಗಿಡದಂಗಡಿಗೆ ಹೋದೆ. ಅಂಗಡಿಯವರು, "ಒಣಗಿಸಿದ್ದು ಬೇಡಮ್ಮ, ಜೀವ ಇರೋ ಪಾಚೀನೇ ಹಾಕಿ. ಹಸಿರಾಗಿದ್ರೆ ನೀರಿದೆ ಅಂತ, ಬಿಳಿಚಿಕೊಂಡ್ರೆ ನೀರು ಬೇಕು ಅಂತ. ಅದೇ ಬಾಯಿ ಬಿಟ್ಟು ಹೇಳುತ್ತೆ" ಎಂದು ತಮ್ಮ ಗುಣಗಾನ ಮಾಡಿದರು. ನಮ್ಮ ಮನೆಯಲ್ಲಿ ಬೇಕಾದ್ದನ್ನು ಬಾಯಿ ಬಿಟ್ಟು ಹೇಳುವ ಒಬ್ಬರಾದರೂ ಇರಲಿ ಎಂದು ಆಸೆಪಟ್ಟು, ತಮ್ಮನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡು ಬರುವಂತೆ ಬಸ್ಸಿನಲ್ಲಿ ತಂದೆ.

ತಮಗೆ ಸಿಕ್ಕ ಸ್ವಾಗತದ ಬಗ್ಗೆ ಅಮ್ಮನ ಪರವಾಗಿ ಕ್ಷಮೆ ಕೋರುತ್ತೇನೆ. "ಬಚ್ಚಲಲ್ಲಿ ಇದನ್ನ ಉಜ್ಜಿ ಉಜ್ಜಿ ನನ್ನ ಸೊಂಟ ಬಿದ್ದುಹೋಯ್ತು, ಇವಳು ಅಂಗಡಿಯಿಂದ ಹೊತ್ಕೊಂಡು ಬಂದಿದಾಳೆ" ಎಂದು ಅವರು ಬೀದಿಗೆ ಕೇಳುವಂತೆ ಹೇಳಿದ್ದು ನಿಜ. ತಾವು ಬಚ್ಚಲಿನವರ ಕುಲದವರಲ್ಲ, ಕುಲೀನ ಮನೆತನದವರು ಎಂದು ನಾನೆಷ್ಟು ವಿವರಿಸಿದರೂ ಅವರು ಒಪ್ಪಲಿಲ್ಲ. ಆದರೆ ತಮ್ಮ ಕುಲೀನತೆ ಬೇಗನೆ ತಾನಾಗಿಯೇ ಬಯಲಾಯಿತು. ನಲ್ಲಿಯ ಗಡಸು ನೀರು ತಮಗೆ ಆಗಿಬರದೆಂದು ತಿಳಿದು ಫಿಲ್ಟರ್ ನೀರನ್ನು ತಮಗೆ ಮೀಸಲಿಟ್ಟು ನಾವು ನಲ್ಲಿ ನೀರನ್ನು ಕಾಯಿಸಿ ಕುಡಿದೆವು. ಗೊಬ್ಬರ ಸೋಕಿದರೆ ತಮ್ಮ ಮೈ ಸುಡುತ್ತದೆಂದು ಪಾಪದ ಆರ್ಕಿಡ್‌ಗೆ ಕೊಡುತ್ತಿದ್ದ ಚೂರುಪಾರನ್ನೂ ನಿಲ್ಲಿಸಿದೆವು. ಗಿಡದ ಸೇವೆಗೆಂದು ಬಂದವರು ಗಿಡವನ್ನೇ ಉಪವಾಸ ಕೆಡವಿದ ತಮ್ಮ ಆಡಳಿತ ಕೌಶಲಕ್ಕೆ ತಲೆಬಾಗುತ್ತೇನೆ.

ಆಮೇಲೆ ತಾವು ಬೆಳೆದಿರಿ. ಎಂಥ ಬೆಳವಣಿಗೆ ಸ್ವಾಮಿ. ಕುಂಡದ ಅಂಚು ದಾಟಿದಿರಿ, ಬೇರನ್ನು ಹೊದ್ದಿರಿ, ಎಳೆಯ ಎಲೆಗಳ ಕೊರಳಿನವರೆಗೆ ಏರಿದಿರಿ. ಮನೆಗೆ ಬಂದ ನೆಂಟರೆಲ್ಲ "ಅಬ್ಬಾ, ಗಿಡ ಎಷ್ಟು ಸೊಂಪಾಗಿದೆ" ಎಂದು ಕಣ್ಣರಳಿಸಿದ್ದು ತಮ್ಮನ್ನು ನೋಡಿ. ಗಿಡ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ. ಅಕ್ಕ ಫೋನಿನಲ್ಲಿ ವಿಚಾರಿಸಿದಾಗ ನಾನೂ "ಹಸಿರಾಗಿದೆ ಕಣೇ" ಎಂದೇ ಹೇಳುತ್ತಿದ್ದೆ. ಸುಳ್ಳಲ್ಲವಲ್ಲ.

ಹೋದ ವಾರ ಅಪ್ಪ ಗಡಿಯಾರದ ಹಲ್ಲುಚಕ್ರ ನೋಡುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ನಾವ್ಯಾರೂ ಇಲ್ಲವೆಂದು ನಂಬಿ, ಕುಂಡದ ಮೇಲೆ ಬಗ್ಗಿದರು. ಬಹಳ ಹೊತ್ತು ಹುಡುಕಿದರು. ತಮ್ಮ ರಾಶಿಯೊಳಗೆ ಮಗಳ ಗಿಡ ಕಾಣಲಿಲ್ಲ. ಆಗ ಅವರು ಬರಿಗೈಯಿಂದ ತಮ್ಮನ್ನು ಒರಟಾಗಿ ಕೆದಕಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಕೂದಲೆಳೆಯಂಥ ಸ್ಪ್ರಿಂಗನ್ನು ಇಕ್ಕಳದಲ್ಲಿ ಹಿಡಿದು ಕೂರಿಸುವ ಕೈ ಅದು. ಗಿಡ ಸೊರಗಿದೆಯೆಂದು ದಿಗಿಲುಬಿದ್ದು ಅವರು, ನಾವು ಮೂಲೆಗಿಟ್ಟಿದ್ದ ಡಬ್ಬಿಯಿಂದ ಎರಡು ಚಮಚ ಗೊಬ್ಬರ ಸುರಿದರು. ಮರುದಿನದಿಂದಲೇ ತಾವು ಹಳದಿಯಾದಿರಿ.

ಈಗ ತಮ್ಮ ಮೇಲಿನ ನನ್ನ ಮುಖ್ಯ ದೂರು. ಅಪ್ಪ ಮೊದಲು ಹಳದಿಗೆ ಮದ್ದೇನೆಂದು ನನ್ನನ್ನು ಕೇಳಿದರು, ನನಗೆ ಗೊತ್ತಿರಲಿಲ್ಲ. ಗಿಡದಂಗಡಿಯವರು ಫೋನು ಎತ್ತಲಿಲ್ಲ. ಕೊನೆಗೆ, "ಆ ನಂಬರು ಹಾಕಿಕೊಡು" ಎಂದರು. ಯಾವ ನಂಬರೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಕ್ಕ "ಹಲೋ" ಎಂದಳು. ಅಪ್ಪ ಮಗಳ ಹೆಸರು ಹಿಡಿದು ಕರೆಯಲಿಲ್ಲ, ಕ್ಷೇಮ ಸಮಾಚಾರವನ್ನೂ ಕೇಳಲಿಲ್ಲ. "ಪಾಚಿ" ಎಂದರು, ಅಷ್ಟೇ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಾಚಿ ಮಾಡು, ಪಾಚಿ ಮಾಡು ಎಂದು ತಟ್ಟಿ ಮಲಗಿಸುತ್ತಾರಲ್ಲ, ನಮ್ಮಿಬ್ಬರನ್ನೂ ಅಪ್ಪ ಮಲಗಿಸುತ್ತಿದ್ದದ್ದು ಆ ಮಾತಿನಿಂದಲೇ.

ಆ ಕಡೆಯಿಂದ ಮೂಗು ಕಟ್ಟಿದ ದನಿಯಲ್ಲಿ ಅಕ್ಕ, "ಇನ್ನೂ ಸಂಜೆ ಅಲ್ವೇನಪ್ಪಾ, ಈಗಲೇ ಪಾಚಿ ಮಾಡ್ಲಾ?" ಎಂದಳು.

"ನಿನಗಲ್ಲ ಹೇಳಿದ್ದು. ಕುಂಡದ್ದು. ಹಳದಿ ಆಗಿದೆ" ಎಂದು ಅಪ್ಪ ಗದರಿದರು, ಮತ್ತು ಗೋಡೆಯ ಕಡೆ ತಿರುಗಿಕೊಂಡರು.

ಅಂದಿನಿಂದ ದಿನವೂ ಅವರಿಬ್ಬರ ನಡುವೆ ತಮ್ಮದೇ ಚರ್ಚೆ. ಅವಳು ಹೇಳಿಕೊಟ್ಟಂತೆ ಅಪ್ಪ ಇಕ್ಕಳದಿಂದ ತಮ್ಮನ್ನು ಎಳೆಎಳೆಯಾಗಿ ಸರಿಸಿ, ಆರ್ಕಿಡ್‌ನ ಕೊಳೆತ ಬೇರು ಕತ್ತರಿಸಿ, ಎರಡು ಎಲೆ ಒಂದು ಬೇರನ್ನು ಜೀವಂತವಾಗಿ ಪತ್ತೆ ಹಚ್ಚಿದ್ದಾರೆ. "ಬರೀ ನೀರಲ್ಲಿ ತೊಳೀಬೇಕಂತೆ, ನಿನಗೇನು ಗೊತ್ತು" ಎಂದು ನನಗೇ ದಬಾಯಿಸುತ್ತಾರೆ. ಮಗಳನ್ನು ಚೆನ್ನಾಗಿದ್ದೀಯಾ ಎಂದು ಕೇಳಲು ಇಷ್ಟು ಕಾಲ ಬಾರದ ಬಾಯಿ, ತಮ್ಮ ಆರೋಗ್ಯ ವಿಚಾರಿಸಲು ಬಂದಿತು. ಇಷ್ಟು ದಿನ ಇಬ್ಬರ ಮಾತನ್ನೂ ಹೊತ್ತು ತಿರುಗಿದ ನನ್ನ ಹುದ್ದೆಯನ್ನು ತಾವು ಬೇರಿಲ್ಲದೆ, ಹೂವಿಲ್ಲದೆ, ಒಂದು ಪದವಿಯೂ ಇಲ್ಲದೆ ಕಿತ್ತುಕೊಂಡಿರಿ. ಇದ್ದದ್ದೊಂದೇ ಕೆಲಸ ಅದು.

ಆದ್ದರಿಂದ ತಮ್ಮಲ್ಲಿ ಒಂದೇ ಬೇಡಿಕೆ. ಪಾಚಿಯನ್ನು ಕಣ್ಣಾರೆ ನೋಡದೆ ಏನೂ ಹೇಳಲಾಗದೆಂದು ಅಕ್ಕ ಅಂದಿದ್ದಕ್ಕೆ, ಅಪ್ಪ ನಿನ್ನೆ, "ಭಾನುವಾರ ಬಂದು ನೋಡ್ಲಿ" ಎಂದರು. ತುಸು ಹೊತ್ತು ಬಿಟ್ಟು, "ಒಬ್ಬಳೇ ಯಾಕೆ, ಇಬ್ರೂ ಬರ್ಲಿ" ಎಂದೂ ಸೇರಿಸಿದರು. ಮಾನ್ಯರೇ, ಜೀವವಿರುವವರಿಗೆ ಚೇತರಿಸಿಕೊಳ್ಳುವ ಆಸೆ ಸಹಜ. ಆದರೂ ಭಾನುವಾರದವರೆಗೆ ಮಾತ್ರ, ಕೈಮುಗಿದು ಕೇಳುತ್ತೇನೆ, ದಯವಿಟ್ಟು ಗುಣವಾಗಬೇಡಿ.

ತಮಗೆ ಹೊತ್ತುಹೊತ್ತಿಗೆ ನೀರುಣಿಸುತ್ತ, ತಮ್ಮ ಅನಾರೋಗ್ಯವನ್ನೇ ಹಾರೈಸುವ ವಿಶ್ವಾಸಿ,
ಮಧ್ಯಸ್ಥಿಕೆಯಿಂದ ನಿವೃತ್ತಳಾದ ತಂಗಿ

ವಿ. ಸೂ.: ಇಂದು ಬೆಳಿಗ್ಗೆ ತಮ್ಮ ಎಡತುದಿಯಲ್ಲಿ ಒಂದು ಹಸಿರು ಚಿಗುರು ಕಂಡೆ. ಪಕ್ಕದ ಮನೆಯ ಬೆಕ್ಕು ಕೆರೆದು ಕೂರಲು ಮೆತ್ತನೆಯ ಜಾಗವೊಂದನ್ನು ಹುಡುಕುತ್ತ ನಮ್ಮ ಕಿಟಕಿಯ ಹೊರಗೇ ಓಡಾಡುತ್ತಿದೆ. ಇನ್ನೊಂದು ಚಿಗುರು ಕಂಡರೆ ಕಿಟಕಿ ತೆರೆದಿಡುತ್ತೇನೆ. ಅದು ತಮ್ಮ ಮೇಲೆ ಕೂತು ಏನು ಮಾಡಲಿದೆ ಎಂಬುದಕ್ಕೆ, ಇಷ್ಟು ಓದಿಯೂ, ನನಗೆ ಶಿಷ್ಟವಾದ ಪದ ಸಿಗುತ್ತಿಲ್ಲ.